ಮಗುವಿನ ಗಾಡಿಗೂ ಒಂದು ಸರ್ವಿಸ್ ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂದರೆ ಸಾಕು, ಕಾರಿನ ವೈಪರ್ ನೋಡಿಕೊಳ್ಳಿ, ಬೈಕಿನ ಚೈನಿಗೆ ಎಣ್ಣೆ ಬಿಡಿ ಎಂದೆಲ್ಲ ನಿಮ್ಮ ಪತ್ರಿಕೆಯಲ್ಲಿ ಬರುತ್ತದೆ. ಒಳ್ಳೆಯದೇ. ಆದರೆ ಮನೆಯಲ್ಲಿ ಇನ್ನೊಂದು ನಾಲ್ಕು ಚಕ್ರದ್ದು ಇರುತ್ತದೆ, ಅದರಲ್ಲಿ ಕೂರುವವರಿಗೆ ಇನ್ನೂ ಮಾತೇ ಬಂದಿರುವುದಿಲ್ಲ, ಅದರ ಬಗ್ಗೆ ಮಾತ್ರ ಒಂದು ಸಾಲನ್ನೂ ನಾನು ಕಂಡಿಲ್ಲ. ಮಗುವಿನ ಸ್ಟ್ರಾಲರ್. ನಾನು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ದುಡಿದು ರಿಟೈರ್ ಆದವನು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಗಳ ಗಾಡಿ ತಳ್ಳುವ ಡ್ಯೂಟಿ ನನ್ನದು. ಸಂಜೆ ಪಾರ್ಕಿನಲ್ಲಿ ಕಿರ್ ಕಿರ್ ಎನ್ನುವ ಚಕ್ರಗಳನ್ನು ಕೇಳಿ ಕೇಳಿ ಸಾಕಾಗಿ ಬರೆಯುತ್ತಿದ್ದೇನೆ.

ನನ್ನ ತಕರಾರು ಇಷ್ಟೇ. ಜನ ಬಟ್ಟೆ ಒಗೆಯುತ್ತಾರೆ, ಚಕ್ರ, ಬ್ರೇಕು, ಬೆಲ್ಟು ನೋಡುವುದಿಲ್ಲ. ಬಟ್ಟೆ ಕೊಳೆಯಾದರೆ ನೆಂಟರು ಮೂಗು ಮುರಿಯುತ್ತಾರೆ, ಅಷ್ಟೇ. ಬ್ರೇಕು ಕೈಕೊಟ್ಟರೆ?

ಮೊದಲು ಸುಲಭದ್ದು ಮುಗಿಸೋಣ. ನೆಲಕ್ಕೆ ಹಳೇ ಪೇಪರ್ ಹಾಸಿ (ನಿಮ್ಮದೇ ಆಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ), ಗಾಡಿಯನ್ನು ಬೋರಲು ಹಾಕಿ ಬೆನ್ನಿಗೆ ನಾಲ್ಕು ತಟ್ಟಿ. ಬಿಸ್ಕತ್ತಿನ ಪುಡಿ, ಒಣಗಿದ ರಾಗಿ ಸರಿ, ಬಾಳೆಹಣ್ಣಿನ ಚೂರು, ಇರುವೆ, ಎಲ್ಲ ಉದುರುತ್ತದೆ. ಸೀಟು ಮತ್ತು ಬೆನ್ನು ಸೇರುವ ಮಡಿಕೆಯಲ್ಲೇ ಜಾಸ್ತಿ. ಅಲ್ಲಿಗೆ ಒಂದು ಹಳೇ ಟೂತ್ ಬ್ರಷ್ ಸಾಕು. ಬಟ್ಟೆ ಕಳಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಬೆಲ್ಟು ಯಾವ ತೂತಿನಲ್ಲಿತ್ತು ಎನ್ನುವುದು ವಾಪಸ್ ಹಾಕುವಾಗ ಯಾರಿಗೂ ನೆನಪಿರುವುದಿಲ್ಲ. ಒಳಗೆ ಚೀಟಿ ಹೊಲಿದಿರುತ್ತಾರೆ, ನೀರಿನ ಟಬ್ಬಿನ ಚಿತ್ರಕ್ಕೆ ಕಾಟು ಹೊಡೆದಿದ್ದರೆ ನೀರಿನಲ್ಲಿ ಅದ್ದಿ ಒಗೆಯುವ ಹಾಗಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು ಅಷ್ಟೇ. ಒಗೆಯಬಹುದು ಎಂದಿದ್ದರೂ ಬೆನ್ನಿನ ಹಿಂದಿರುವ ಬೋರ್ಡನ್ನು ಮೊದಲು ಹೊರಗೆ ಎಳೆಯಿರಿ. ಅದು ರಟ್ಟಿನದಾಗಿದ್ದರೆ ಒಮ್ಮೆ ನೆನೆದರೆ ಸೊಟ್ಟಗಾಗುತ್ತದೆ, ಆಮೇಲೆ ಮಗುವೂ ಸೊಟ್ಟಗೇ ಕೂರುತ್ತದೆ. ಉಗುರುಬೆಚ್ಚಗಿನ ನೀರು, ಮಗುವಿನ ಬಟ್ಟೆ ಒಗೆಯುವ ಸೋಪು ಸ್ವಲ್ಪ, ಇಷ್ಟು ಸಾಕು. ಬ್ಲೀಚ್ ಬೇಡವೇ ಬೇಡ. ಕೊನೆಯ ನೀರು ಆದಷ್ಟು ಕಾವೇರಿ ನೀರಾಗಿರಲಿ. ಬೋರ್ ನೀರಿನಲ್ಲೋ ಟ್ಯಾಂಕರ್ ನೀರಿನಲ್ಲೋ ಜಾಲಿಸಿದರೆ ಕಪ್ಪು ಬಟ್ಟೆಯ ಮೇಲೆ ಬಿಳೀ ಗೆರೆಗಳು ಉಳಿಯುತ್ತವೆ, ಅದನ್ನು ನೋಡಿ ಸೋಪು ಹೋಗಿಲ್ಲ ಎಂದುಕೊಂಡು ಮತ್ತೆ ಅದೇ ನೀರು ಸುರಿಯುತ್ತಾರೆ.

ಒಣಗಿಸುವುದರಲ್ಲಿ ಆತುರ ಕೂಡದು. ಮೇಲೆ ಒಣಗಿದಂತೆ ಕಂಡರೂ ಒಳಗಿನ ಸ್ಪಂಜು ಹಸಿಯಾಗೇ ಇರುತ್ತದೆ, ಹಾಗೇ ಮಡಚಿ ಕಾರಿನ ಡಿಕ್ಕಿಗೆ ಹಾಕಿದರೆ ಬೂಷ್ಟು ಖಂಡಿತ. ಹಾಗಂತ ಟೆರೇಸಿನ ಉರಿಬಿಸಿಲಲ್ಲಿ ದಿನಗಟ್ಟಲೆ ಬಿಡಬೇಡಿ, ಬಣ್ಣ ಹೋಗುವುದಲ್ಲದೆ ನೈಲಾನ್ ಸವೆಯುತ್ತದೆ. ಗಾಳಿ ಆಡುವ ನೆರಳು ಒಳ್ಳೆಯದು, ಜುಲೈ ಆಗಸ್ಟಿನಲ್ಲಾದರೆ ಫ್ಯಾನ್ ಕೆಳಗೆ. ಬೂಷ್ಟು ಬಂದೇ ಬಿಟ್ಟಿದ್ದರೆ ಮನೆಯೊಳಗೆ ಉಜ್ಜಬೇಡಿ. ಆ ಪುಡಿ ಹಾರುತ್ತದೆ, ಮಗುವಿನ ಮೂಗಿಗೆ ಹೋಗುತ್ತದೆ. ಹೊರಗೆ ಒಯ್ದು ಬ್ರಷ್ ಮಾಡಿ, ನೀರು ಬೆರೆಸಿದ ಬಿಳಿ ವಿನೆಗರ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಅಷ್ಟಾದರೂ ವಾಸನೆ ಹೋಗದಿದ್ದರೆ ಸ್ಪಂಜಿನ ಒಳಕ್ಕೆ ಇಳಿದಿದೆ ಎಂದರ್ಥ, ಆ ಸೀಟು ಬಿಸಾಡಿ.

ಬೆಲ್ಟನ್ನು ಮಾತ್ರ ಮೆಷಿನ್ನಿಗೆ ಹಾಕಬೇಡಿ, ಇಸ್ತ್ರಿ ಮಾಡಬೇಡಿ. ಸೋಪು ನೀರಿನ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಮಗು ಅದನ್ನೇ ಚೀಪುವುದು ಅಲ್ವಾ, ಆದ್ದರಿಂದ ಸೋಪು ಉಳಿಯದ ಹಾಗೆ ಮತ್ತೆ ಬರೀ ನೀರಿನಲ್ಲಿ ಒರೆಸಿ. ಬಕಲ್ ಬಿಗಿಯಾದರೆ ಎಣ್ಣೆ ಬಿಡುವ ಚಟ ಹಲವರಿಗಿದೆ. ಒಳಗೆ ಸಿಕ್ಕಿಕೊಂಡಿರುವುದು ಅನ್ನದ ಅಗುಳೋ ಒಣಗಿದ ಹಾಲೋ, ಅದಕ್ಕೆ ಬಿಸಿನೀರು ಸಾಕು. ಒಣಗಿದ ಮೇಲೆ ಹಾಕಿ ನೋಡಿ, ಟಕ್ ಎಂದು ಸದ್ದು ಬರಬೇಕು, ಎಳೆದರೆ ಬಿಟ್ಟುಕೊಳ್ಳಬಾರದು.

ಈಗ ಚಕ್ರಕ್ಕೆ ಬರೋಣ. ನನಗೆ ಹೇಳುವುದು ಜಾಸ್ತಿ ಇರುವುದೇ ಇಲ್ಲಿ. ನಮ್ಮ ಊರಿನ ರಸ್ತೆಯಲ್ಲಿ ಏನೆಲ್ಲ ಬಿದ್ದಿರುತ್ತದೆ ನೋಡಿ. ಕಟ್ಟಡ ಕಟ್ಟುವವರ ಎಂ-ಸ್ಯಾಂಡ್, ಹೂವಿನವರ ದಾರ, ಕೂದಲು, ಗಾಳಿಪಟದ ನೂಲು, ಬೇಸಿಗೆ ಬಂತೆಂದರೆ ಅರಳು ಚೆಲ್ಲಿದ ಹಾಗೆ ಹೊಂಗೆ ಹೂವು. ಇದೆಲ್ಲ ಹೋಗಿ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಚಕ್ರ ತಿರುಗುವುದು ನಿಂತು ಎಳೆಯಲು ಶುರುವಾಗುತ್ತದೆ, ಒಂದು ಕಡೆಯೇ ಸವೆಯುತ್ತದೆ, ಆಮೇಲೆ ಗಾಡಿ ಸರಿಯಿಲ್ಲ ಎಂದು ಗುಜರಿಗೆ. ಬಹಳಷ್ಟು ಗಾಡಿಗಳಲ್ಲಿ ಮುಂದಿನ ಚಕ್ರ ಒಂದು ಗುಂಡಿ ಒತ್ತಿದರೆ ಕೈಗೇ ಬರುತ್ತದೆ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ತಳ್ಳಿದವರನ್ನು ನಾನು ನೋಡಿದ್ದೇನೆ, ಪಾರ್ಕಿನಲ್ಲೇ ಕಳಚಿ ತೋರಿಸಿದಾಗ ಆ ಅಮ್ಮನ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಆಶ್ಚರ್ಯ. ಸಣ್ಣ ಕತ್ತರಿಯಿಂದ ದಾರ ಕೂದಲು ಕತ್ತರಿಸಿ ತೆಗೆಯಿರಿ, ಮಣ್ಣು ತೊಳೆಯಿರಿ, ಒಣಗಿಸಿ. ಅಚ್ಚು ಸ್ಟೀಲಿನದಾಗಿ ತುಕ್ಕು ಹಿಡಿದಿದ್ದರೆ ಸಣ್ಣ ಉಪ್ಪುಕಾಗದದಿಂದ ಉಜ್ಜಿ ಒರೆಸಿ.

ಆಮೇಲೆ ಎಣ್ಣೆ. ಮನೆಯವರು ತಕ್ಷಣ ತೆಂಗಿನೆಣ್ಣೆ ಬಾಟಲಿ ತರುತ್ತಾರೆ. ಬೇಡ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಏನಾಗುತ್ತದೋ ಚಕ್ರದಲ್ಲೂ ಅದೇ ಆಗುತ್ತದೆ. ಮೇಲಾಗಿ ಅಂಟು, ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಅಳಿಯಂದಿರು ಡಬ್ಲ್ಯುಡಿ-40 ಎನ್ನುವ ಸ್ಪ್ರೇ ಡಬ್ಬಿ ತರುತ್ತಾರೆ. ಅದನ್ನು 1953ರಲ್ಲಿ ಅಮೆರಿಕದಲ್ಲಿ ತಯಾರಿಸಿದ್ದೇ ನೀರನ್ನು ಹೊರದಬ್ಬಿ ತುಕ್ಕು ತಡೆಯಲು. ಹಿಡಿದುಹೋದ ಬೋಲ್ಟು ಬಿಡಿಸಲು ಅದಕ್ಕೆ ಸಾಟಿ ಇಲ್ಲ, ನಾನೂ ಡ್ಯೂಟಿಯಲ್ಲಿ ಡಬ್ಬಿಗಟ್ಟಲೆ ಬಳಸಿದ್ದೇನೆ. ಚಕ್ರ ದಿನವೂ ನುಣ್ಣಗೆ ತಿರುಗುತ್ತಿರಲಿ ಎಂದರೆ ಮಾತ್ರ ಅದು ಸಾಲದು, ಬೇಗ ಹೋಗಿಬಿಡುತ್ತದೆ, ಇರುವಷ್ಟು ದಿನ ಧೂಳು ಹಿಡಿಯುತ್ತದೆ. ಸಿಲಿಕೋನ್ ಸ್ಪ್ರೇ ಕೇಳಿ. ಜೆ.ಸಿ. ರಸ್ತೆಯ ವಾಹನ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಚಕ್ರ ಕಳಚಿದಾಗಲೇ ಅಚ್ಚಿಗೆ ಸ್ವಲ್ಪ ಹೊಡೆದು, ಸುತ್ತಲಿನದನ್ನು ಒರೆಸಿಬಿಡಿ. ಬ್ರೇಕಿಗೆ ತಾಕಬಾರದು, ಮಗು ಕೈಯಿಡುವ ಕಡೆ ಬೀಳಬಾರದು, ಹೊಡೆಯುವಾಗ ಮಗು ಪಕ್ಕದಲ್ಲಿರಬಾರದು. ಗಾಳಿ ತುಂಬುವ ಟೈರಿನ ಗಾಡಿಯಾದರೆ ಎಷ್ಟು ಗಾಳಿ ಎಂದು ಟೈರಿನ ಮೇಲೇ ಬರೆದಿರುತ್ತದೆ. ಸೈಕಲ್ ಪಂಪಿನಲ್ಲಿ ಹಾಕಿ, ಪೆಟ್ರೋಲ್ ಬಂಕಿನ ಗಾಳಿ ಆ ಪುಟ್ಟ ಟ್ಯೂಬಿಗೆ ಜಾಸ್ತಿಯಾಗುತ್ತದೆ.

ಬ್ರೇಕು ನೋಡುವುದು ಒಂದು ನಿಮಿಷದ ಕೆಲಸ. ಮಗುವನ್ನು ಇಳಿಸಿ, ಬೇಸ್‌ಮೆಂಟಿನ ಇಳಿಜಾರಿನಲ್ಲಿ ಖಾಲಿ ಗಾಡಿ ನಿಲ್ಲಿಸಿ, ಬ್ರೇಕು ತುಳಿದು ತಳ್ಳಿ ನೋಡಿ. ಹಿಂದಿನ ಎರಡೂ ಚಕ್ರ ಹಿಡಿದಿರಬೇಕು. ಒಂದೇ ಹಿಡಿದು ಗಾಡಿ ಅಡ್ಡ ತಿರುಗಿದರೆ ಇನ್ನೊಂದರ ಹಲ್ಲಿನಲ್ಲಿ ಕೆಸರು ಗಟ್ಟಿಯಾಗಿರುತ್ತದೆ, ಕೆದಕಿ ತೆಗೆಯಿರಿ. ಹಾಗೇ ಹಿಡಿಕೆಗೆ ತರಕಾರಿ ಚೀಲ ನೇತು ಹಾಕುವ ಅಭ್ಯಾಸ. ಗಾಂಧಿ ಬಜಾರಿನಿಂದ ತೆಂಗಿನಕಾಯಿ ಸಮೇತ ನೇತು ಹಾಕಿಕೊಂಡು ಬರುತ್ತಾರೆ ಸ್ವಾಮಿ! ಕೀಲುಗಳು ಸಡಿಲವಾಗುವುದು ಹಾಗಿರಲಿ, ಮಗುವನ್ನು ಎತ್ತಿಕೊಂಡ ತಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ, ಮಗು ಹಗುರವಾಗಿದ್ದರೆ ಅದು ಒಳಗಿರುವಾಗಲೇ ಮಗುಚಬಹುದು.

ಕೀಲು ಎಂದೆನಲ್ಲ. ಕೊಡೆಯ ಥರ ಮಡಚುವ ಈ ಗಾಡಿಯನ್ನು 1965ರಲ್ಲಿ ಮಾಡಿದವರು ಇಂಗ್ಲೆಂಡಿನ ಓವೆನ್ ಮೆಕ್ಲಾರೆನ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳ ವ್ಯವಸ್ಥೆಯಲ್ಲಿ ಕೆಲಸ ಮಾಡಿದ್ದ ಎಂಜಿನಿಯರು. ಮಗಳು ಮಾಸ್ಕೋದಿಂದ ಕೂಸಿನ ಜೊತೆ ಭಾರದ ಗಾಡಿ ಹೊತ್ತು ತರಲು ಪಟ್ಟ ಪಾಡು ಕೇಳಿ ಅಲ್ಯೂಮಿನಿಯಮ್ಮಿನಲ್ಲಿ ಹಗುರ ಗಾಡಿ ಮಾಡಿದರು. ಅವರೂ ಅಜ್ಜನೇ, ಅದಕ್ಕೇ ನನಗೆ ಅವರ ಮೇಲೆ ಅಭಿಮಾನ. ಆದರೆ ಅದೇ ಹೆಸರಿನ ಕಂಪನಿ 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳನ್ನು ರೀಕಾಲ್ ಮಾಡಬೇಕಾಯಿತು. ಬಿಚ್ಚುವಾಗ ಮಡಚುವಾಗ ಕೀಲಿಗೆ ಸಿಕ್ಕಿ 12 ಮಕ್ಕಳ ಬೆರಳ ತುದಿ ಹೋಗಿತ್ತು. ಪರಿಹಾರವಾಗಿ ಕಂಪನಿ ಕೊಟ್ಟಿದ್ದು ಕೀಲಿನ ಮೇಲೆ ಹಾಕುವ ಬಟ್ಟೆಯ ಕವರು. ಕ್ಲೀನ್ ಮಾಡುವಾಗ ಇಂಥ ಕವರು, ಪ್ಲಾಸ್ಟಿಕ್ ಮುಚ್ಚಳ ಕಂಡರೆ ಸುಮ್ನೆ ಕಿತ್ತು ಎಸೆಯಬೇಡಿ, ವಾಪಸ್ ಹಾಕಿ. ಗಾಡಿ ಬಿಚ್ಚುವಾಗ ಮಡಚುವಾಗ ಮಗು ದೂರ ಇರಲಿ.

ನಮ್ಮಲ್ಲಿ ಗಾಡಿ ಒಂದು ಮಗುವಿಗೆ ಮುಗಿಯುವುದಿಲ್ಲ. ಅಕ್ಕನ ಮಗುವಿನಿಂದ ತಂಗಿಯ ಮಗುವಿಗೆ, ಅಲ್ಲಿಂದ ಪಕ್ಕದ ಮನೆಗೆ, ನಡುವೆ ಒಂದೆರಡು ವರ್ಷ ಅಟ್ಟದ ಮೇಲೆ. ಇದು ಒಳ್ಳೆಯ ಪದ್ಧತಿ, ಬಿಡಬಾರದು. ಆದರೆ ಅಟ್ಟಕ್ಕೆ ಹಾಕುವಾಗ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಕಟ್ಟಬೇಡಿ, ಒಳಗೆ ತೇವ ಕೂತುಕೊಳ್ಳುತ್ತದೆ. ಹಳೇ ಕಾಟನ್ ಬೆಡ್‌ಶೀಟ್ ಸಾಕು. ಇಳಿಸಿದಾಗ ಬೆಲ್ಟನ್ನು ಇಲಿ ಕಡಿದಿದೆಯಾ ಎಂದು ಅಂಗುಲ ಅಂಗುಲ ನೋಡಿ. ಕಡಿದಿದ್ದರೆ ಗಂಟು ಹಾಕಿಯೋ ಹೊಲಿದೋ ನಡೆಸಬೇಡಿ.

ರಿಪೇರಿ ವಿಷಯಕ್ಕೆ ಬಂದರೆ, ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ನಿಮ್ಮ ರಸ್ತೆಯ ಸೈಕಲ್ ಶಾಪಿನವರೇ ಮಾಡಿಕೊಡುತ್ತಾರೆ. ನಟ್ಟು ಬೋಲ್ಟು ಅವರ ಹತ್ತಿರ ಇರುತ್ತದೆ, ಗೊಣಗುತ್ತಾರೆ, ಮಾಡುತ್ತಾರೆ. ಸೀಟು ಹರಿದರೆ ಕಾರಿನ ಸೀಟ್ ಕವರ್ ಹೊಲಿಯುವವರು ಹೊಲಿಯುತ್ತಾರೆ. ಕಷ್ಟ ಇರುವುದು ಚಕ್ರ, ಬಕಲ್, ಬೆಲ್ಟಿಗೆ. ನಮ್ಮ ಗಾಡಿಯ ಮುಂದಿನ ಚಕ್ರ ಒಂದು ಸವೆದಿತ್ತು, ಕೊಂಡ ಅಂಗಡಿಗೇ ಹೋಗಿ ಕೇಳಿದೆ. ಒಂದೇ ಚಕ್ರ ಬರುವುದಿಲ್ಲ ಅಂಕಲ್, ಎಕ್ಸ್‌ಚೇಂಜ್ ಆಫರ್ ಇದೆ, ಹೊಸದು ತಗೊಳ್ಳಿ ಎಂದರು. ಬಾಕಿ ಮೂರು ಚಕ್ರ, ಫ್ರೇಮು, ಸೀಟು ಎಲ್ಲ ಗಟ್ಟಿಮುಟ್ಟಾಗಿರುವಾಗ ಹೊಸದು ಯಾಕೆ? ಜೊತೆಗೆ ಬಂದ ಪುಸ್ತಕದಲ್ಲಿ ಏನೇನೋ ಭಾಷೆ ಇದೆ, ಕನ್ನಡ ಇಲ್ಲ. ಗಾಡಿ ತೊಳೆಯುವವರು, ತಳ್ಳುವವರು ಬಹಳ ಮನೆಗಳಲ್ಲಿ ಅಜ್ಜಿಯೋ ಆಯಾನೋ ಆಗಿರುತ್ತಾರೆ, ಅವರು ಓದುವುದು ಹೇಗೆ?

  

ಕೇಂದ್ರ ಸರ್ಕಾರ 2022ರಲ್ಲಿ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಎಂದು ಪೋರ್ಟಲ್ ಶುರು ಮಾಡಿತು. ಅದಕ್ಕೆ ಆರಿಸಿಕೊಂಡ ವಿಭಾಗಗಳು ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ. ಫ್ರಿಜ್ಜಿನ ಬಿಡಿಭಾಗ ಕೇಳಲು ದಾರಿ ಇದೆ, ಮಗುವನ್ನು ಹಿಡಿದಿಡುವ ಬೆಲ್ಟು ಕೇಳಲು ಇಂಥದ್ದೊಂದು ದಾರಿ ಯಾಕಿರಬಾರದು? ಗಾಡಿ ಮಾರುವವರು ಚಕ್ರ, ಬಕಲ್, ಬೆಲ್ಟು, ಸೀಟು ಇಷ್ಟನ್ನಾದರೂ ಬಿಡಿಯಾಗಿ ಮಾರಲಿ, ಬೆಲೆಯನ್ನು ಡಬ್ಬದ ಮೇಲೇ ಹಾಕಲಿ, ಎರಡು ಪುಟ ಕನ್ನಡದಲ್ಲಿ ಅಚ್ಚು ಹಾಕಿಸಲಿ. ಬಿಡಿಭಾಗ ಕೊಡುವುದಿಲ್ಲ ಎನ್ನುವವರ ಬಗ್ಗೆ ಓದುಗರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಲಿ, ಬಿಲ್ಲು ಕೈಯಲ್ಲಿಟ್ಟುಕೊಂಡೇ ಮಾಡಲಿ. ನಾನು ನನ್ನ ದೂರು ಬರೆಸಿದ್ದೇನೆ.

ಇಂತಿ,
ನಿಮ್ಮ ಹಳೇ ಓದುಗ,
ರಾಜಾಜಿನಗರ, ಬೆಂಗಳೂರು