ಬೊಳ್ಳುವನ್ನು ಬಿಟ್ಟು ಹೋಗುವ ಮೊದಲು

ಅಂಬಲಪಾಡಿ, ಉಡುಪಿ

ಪ್ರೀತಿಯ ಸುಮಂತನಿಗೆ ದೊಡ್ಡಮ್ಮನ ಆಶೀರ್ವಾದ.

ನಿನ್ನೆ ಫೋನಿನಲ್ಲಿ ಮಿಕ್ಸಿಯ ಸದ್ದಿಗೆ ಅರ್ಧ ಮಾತು ಕೇಳಲಿಲ್ಲ. ಕೇಳಿದ್ದು ಇಷ್ಟು: ದೀಪಾವಳಿಗೆ ಮುಂಬಯಿ, ಎಂಟು ದಿನ, ಟಿಕೆಟ್ ಆಗಿದೆ. ನಿಮ್ಮ ನಾಯಿ ಬೊಳ್ಳು ಎಲ್ಲಿರುತ್ತಾನೆ ಅಂತ ಕೇಳಿದರೆ "ನೋಡುವ ದೊಡ್ಡಮ್ಮ" ಅಂದೆ. ಈ "ನೋಡುವ" ಇದೆಯಲ್ಲ ಮಾರಾಯ, ಅದಕ್ಕೇ ಈ ಪತ್ರ.

ಜೊತೆಗೆ ಕರೆದುಕೊಂಡು ಹೋಗುವ ಆಸೆ ಬಿಡು. ರೈಲಿನಲ್ಲಿ ನಾಯಿ ನಿಮ್ಮ ಹತ್ತಿರವೇ ಇರಬೇಕಾದರೆ ಫಸ್ಟ್ ಎಸಿಯ ಕೋಣೆ (ಕೂಪೆ ಅಥವಾ ಕ್ಯಾಬಿನ್) ಪೂರ್ತಿ ನಿಮ್ಮದಾಗಿರಬೇಕು. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಗೂಡು. ರಾತ್ರಿಯಿಡೀ ಆ ಸದ್ದಿನಲ್ಲಿ ಒಬ್ಬನೇ ಬೊಳ್ಳು! ಗೋರೆಗಾಂವಿನ ಆ ಫ್ಲ್ಯಾಟಿನಲ್ಲಿ ನಿಮಗೇ ಕಾಲು ಚಾಚಲು ಜಾಗ ಇಲ್ಲ, ಅಲ್ವಾ?

ನಮ್ಮ ಟೈಗರ್ ನಿನಗೆ ನೆನಪಿದ್ದಾನಾ? ಹೆಸರು ಮಾತ್ರ ಟೈಗರ್. ನಾನು, ನಿನ್ನ ದೊಡ್ಡಪ್ಪ ಕಾಶಿಗೆ ಹೋದಾಗ ಅವನನ್ನು ಪಕ್ಕದ ಮನೆಯ ಅಕ್ಕನಿಗೆ ಒಪ್ಪಿಸಿದ್ದೆವು. ಎಷ್ಟು ಅನ್ನ, ಎಷ್ಟು ಮೀನು, ಯಾವ ತಟ್ಟೆ, ಎಲ್ಲ ಹೇಳಿದ್ದೆ. ಆರನೇ ದಿನ ಹತ್ತಿರದಲ್ಲಿ ಭೂತಕೋಲ ಇತ್ತು. ಗರ್ನಾಲು ಪಟಾಕಿ ಸಿಡಿದದ್ದೇ ತಡ, ಅವನು ಗೇಟು ಹಾರಿ ಓಡಿದ. ನಾವಿದ್ದಾಗ ಕೋಲದ ದಿನ ಸಂಜೆಯೇ ಅವನನ್ನು ದೇವರ ಕೋಣೆಯ ಪಕ್ಕದ ಕತ್ತಲೆ ಕೋಣೆಗೆ ಹಾಕಿ ಫ್ಯಾನ್ ಬಿಡುತ್ತಿದ್ದೆವು. ಅದು ನಮಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಹೇಳಬೇಕು ಅಂತಲೇ ಹೊಳೆಯಲಿಲ್ಲ. ಮೂರು ದಿನ ಬಿಟ್ಟು ಇಂದ್ರಾಳಿ ರೈಲು ನಿಲ್ದಾಣದ ಹತ್ತಿರ ಸಿಕ್ಕಿದ. ಯಾರೋ ಪುಣ್ಯಾತ್ಮರು ಬನ್ಸ್ ಹಾಕುತ್ತಿದ್ದರಂತೆ. ಒಂದು ಕಾಲು ಕುಂಟುತ್ತಿತ್ತು, ಕಿವಿಯೊಳಗೆ ಉಣುಗು ತುಂಬಿತ್ತು. ಆ ಅಕ್ಕ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ತಪ್ಪು ಅವಳದ್ದಲ್ಲ. ನಾನು ಊಟ ಹೇಳಿದೆ, ಹೆದರಿಕೆ ಹೇಳಲಿಲ್ಲ.

ಹಾಗಾಗಿ ನೀನು ಒಂದು ಹಾಳೆ ತೆಗೆದುಕೊಂಡು ಬೊಳ್ಳು ಯಾವುದಕ್ಕೆ ಹೆದರುತ್ತಾನೆ, ಹೆದರಿದರೆ ಎಲ್ಲಿ ಅಡಗುತ್ತಾನೆ ಅಂತ ಬರೆ. ಕಳೆದ ಸಲ ಇಲ್ಲಿಗೆ ಬಂದಿದ್ದಾಗ ಕುಕ್ಕರ್ ಸೀಟಿ ಹೊಡೆದ ತಕ್ಷಣ ಫ್ರಿಜ್ ಹಿಂದೆ ನುಗ್ಗಿದ್ದ. ಬಾಲದ ತುದಿ ಮಾತ್ರ ಹೊರಗೆ. ನೀನು ಮೊಬೈಲ್ ನೋಡುತ್ತಿದ್ದೆ. ಕುಕ್ಕರಿಗೇ ಹೀಗಾದರೆ ದೀಪಾವಳಿಗೆ ಎಂತ ಗತಿ? ನಿನ್ನ ಹೆಂಡತಿಯನ್ನೂ ಕೇಳಿ ಬರೆ. ಅವಳಿಗೆ ಜಾಸ್ತಿ ಗೊತ್ತಿರುತ್ತದೆ.

ನಾಯಿಗಳ ಹಾಸ್ಟೆಲ್‌ನಲ್ಲಿ ಬಿಡುವ ಯೋಚನೆ ಇದ್ದರೆ ಮೊದಲು ಹೇಳದೆ ಹೋಗಿ ನೋಡಿ ಬಾ. ಲಸಿಕೆ ಪುಸ್ತಕ ಕೇಳದೆ ನಾಯಿ ಸೇರಿಸಿಕೊಳ್ಳುವ ಜಾಗ ಬೇಡವೇ ಬೇಡ. ನಿನ್ನದನ್ನು ಕೇಳದವರು ಪಕ್ಕದ ಗೂಡಿನ ನಾಯಿಯದ್ದನ್ನೂ ಕೇಳಿರುವುದಿಲ್ಲ. ಅಲ್ಲಿಂದ ಕೆಮ್ಮು ಹಿಡಿಸಿಕೊಂಡು ಬಂದರೆ ವಾರಗಟ್ಟಲೆ ಬಿಡುವುದಿಲ್ಲ. ಹಬ್ಬಕ್ಕೆ ಅಲ್ಲಿ ಜಾಗ ಸಿಗುವುದೂ ಕಷ್ಟ.

ಎಲ್ಲೇ ಬಿಡು, ಲಸಿಕೆ ಪುಸ್ತಕ ಇವತ್ತೇ ತೆಗೆದು ನೋಡು. ರೇಬಿಸ್‌ದು ಆಗಿ ವರ್ಷ ಕಳೆದಿದೆಯಾ? ಇಲಿಜ್ವರದ್ದು ಆಗಿದೆಯಾ? ನಮ್ಮೂರಲ್ಲಿ ಮಳೆ ಬಿಟ್ಟರೂ ನಿಂತ ನೀರು ಇರುತ್ತದೆ, ಇಲಿ ಮೂತ್ರ ಬೆರೆತ ಆ ನೀರಿನಿಂದ ನಾಯಿಗೂ ಬರುತ್ತದೆ. ಹೊರಡುವ ಹಿಂದಿನ ದಿನ ಚುಚ್ಚಿಸಿದರೆ ಪ್ರಯೋಜನ ಇಲ್ಲ. ಲಸಿಕೆ ಮೈಗೆ ಹತ್ತಲು ಎರಡು ವಾರವಾದರೂ ಬೇಕು. ಪಟಾಕಿಯ ಹೆದರಿಕೆಗೆ ಏನಾದರೂ ಕೊಡಬಹುದಾ ಅಂತಲೂ ಅದೇ ದಿನ ಡಾಕ್ಟರನ್ನು ಕೇಳು. ಮನುಷ್ಯರ ನಿದ್ದೆ ಮಾತ್ರೆ ಮಾತ್ರ ಬೇಡ. ಕುತ್ತಿಗೆಗೆ ಫೋನ್ ನಂಬರ್ ಬರೆದ ಬಿಲ್ಲೆ ಹಾಕಿಸು. ನಿನ್ನ ನಂಬರ್ ಒಂದೇ ಸಾಲದು, ನೀನು ರೈಲಿನಲ್ಲಿರುತ್ತಿ. ನನ್ನದನ್ನೂ ಬರೆಸು.

ನನ್ನದನ್ನು ಯಾಕೆ ಅಂದರೆ, ಬೊಳ್ಳು ಇಲ್ಲೇ ಇರಲಿ. ಇದನ್ನು ಮೊದಲೇ ಹೇಳಬಹುದಿತ್ತು, ಆದರೆ ನೀನು ಉಳಿದದ್ದನ್ನು ಓದುತ್ತಿರಲಿಲ್ಲ. ನನ್ನ ಮೊಣಕಾಲು ನೋವು ನಿನಗೆ ಗೊತ್ತು, ಅವನನ್ನು ದೂರ ತಿರುಗಾಡಿಸಲು ಆಗದು. ಅಂಗಳ ಇದೆ, ಕತ್ತಲೆ ಕೋಣೆ ಇದೆ, ಹಳೆ ಫ್ಯಾನ್ ಈಗಲೂ ಗಡಗಡ ಅನ್ನುತ್ತದೆ. ಪಟಾಕಿ ಶುರುವಾಗುವ ಮೊದಲೇ ಅಂಗಳಕ್ಕೆ ಬಿಟ್ಟು ಒಳಗೆ ತರುತ್ತೇನೆ. ಹಬ್ಬಕ್ಕೆ ಬಂದವರಿಗೆ ಪಾಯಸದ ಒಣದ್ರಾಕ್ಷಿ, ಚಾಕಲೇಟು ಅವನ ಬಾಯಿಗೆ ಇಡಬೇಡಿ ಅಂತ ಹೇಳುವುದೂ ನನ್ನ ಕೆಲಸ. ದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ಎಷ್ಟು ಹೇಳಿದರೂ "ಒಂದೇ ಒಂದು ಅಲ್ವಾ" ಅನ್ನುವವರು ಇದ್ದೇ ಇರುತ್ತಾರೆ.

ಆದರೆ ಸೀದಾ ಎಂಟು ದಿನಕ್ಕೆ ತಂದು ಬಿಡಬೇಡ. ಬರುವ ಶನಿವಾರ ತಂದು ಒಂದು ರಾತ್ರಿ ಬಿಟ್ಟು ಹೋಗು. ಊಟ ಬಿಟ್ಟು ಗೇಟು ನೋಡುತ್ತಾ ಕೂರುತ್ತಾನಾ, ರಾತ್ರಿ ಊಳಿಡುತ್ತಾನಾ, ಗೊತ್ತಾಗಲಿ. ಹೊರಡುವ ಮೊದಲಿನ ಮೂರು ಗಂಟೆ ಅವನಿಗೆ ಊಟ ಕೊಡಬೇಡ, ಕಾರಿನಲ್ಲಿ ಕಕ್ಕುತ್ತಾನೆ. ದಾರಿಯಲ್ಲಿ ಚಹಾಕ್ಕೆ ಇಳಿದರೆ ಅವನನ್ನೂ ಇಳಿಸು. ಗಾಜು ಮುಚ್ಚಿದ ಕಾರು ಬಿಸಿಲಿಗೆ ಒಲೆ ಆಗುತ್ತದೆ. ಅವನು ತಿನ್ನುವುದನ್ನೇ ಡಬ್ಬಿಯಲ್ಲಿ ಕಟ್ಟಿ ತಾ. ಮಲಗುವ ಹಳೆ ಚಾದರವನ್ನು ತೊಳೆಯದೆ ತಾ, ಅದರಲ್ಲಿ ನಿಮ್ಮ ವಾಸನೆ ಇರುತ್ತದೆ. ನಿನ್ನ ಹೆಂಡತಿ ಮುಖ ಸಿಂಡರಿಸಿದರೆ ನಾನು ಹೇಳಿದ್ದು ಅಂತ ಹೇಳು.

ಹನ್ನೊಂದರೊಳಗೆ ಬನ್ನಿ. ಬಸಳೆ ಗಸಿ ಮಾಡುತ್ತೇನೆ. ಬೊಳ್ಳುವಿನದ್ದು ನೀರುಳ್ಳಿ ಹಾಕದೆ ಬೇರೆ ಪಾತ್ರೆಯಲ್ಲಿ. ಆ ಹಾಳೆ ಮರೆಯಬೇಡ.

ನಿನ್ನ
ದೊಡ್ಡಮ್ಮ