ಬಂದರು, ಬಂದ, ಬಂದಳು

ಪ್ರೀತಿಯ ತಮ್ಮಾ,

ನಿನ್ನ ಕಥೆ ಎರಡು ಸಲ ಓದಿದೆ. ಆಸ್ಪತ್ರೆಯ ರಾತ್ರಿ ಚೆನ್ನಾಗಿ ಬಂದಿದೆ. ಆ ಫಿನಾಯಿಲ್ ವಾಸನೆ ಇನ್ನೂ ಮೂಗಲ್ಲೇ ಇದೆ.

ಆದ್ರೆ ಮೂರನೇ ಪುಟ ತೆಗೆದು ನೋಡು. 'ಡಾಕ್ಟರ್ ಬಂದರು.' ಎರಡು ಸಾಲು ಬಿಟ್ಟು 'ವಾಚ್‌ಮನ್ ಬಂದ.' ಆಮೇಲೆ 'ಕಸ ಗುಡಿಸುವವಳು ಬಂದಳು.' ವಾಚ್‌ಮನ್‌ಗೆ 60 ದಾಟಿದೆ ಅಂತ ನೀನೇ ಬರೆದಿದ್ದೀಯ. ಡಾಕ್ಟರಿಗೆ 30 ಕೂಡ ಇಲ್ಲ. ಯಾರಿಗೆ 'ಬಂದರು', ಯಾರಿಗೆ 'ಬಂದ' ಅಂತ ನೀನು ಕೂತು ಯೋಚಿಸಿಲ್ಲ, ಅಲ್ವಾ? ಕೈ ತಾನೇ ಬರೆದುಬಿಟ್ಟಿದೆ.

ಬೇಜಾರಾಗಬೇಡ. ನನ್ನ ಹಳೆಯ ಕಥೆಯೊಂದನ್ನು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಮಗಳು ಕೇಳಿದಳು: 'ಅಪ್ಪಾ, ನಿನ್ನ ಕಥೇಲಿ ಧಾರವಾಡದವರು ಬರೀ ನಗಿಸೋಕೇ ಬರ್ತಾರಲ್ಲ, ಯಾಕೆ?' ಕನ್ನಡಕ ಒರೆಸಿಕೊಳ್ಳುತ್ತಾ ಕೂತೆ, ಅಷ್ಟೇ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಪೆಟ್ರೀಷಿಯಾ ಡಿವೈನ್ 1989ರಲ್ಲಿ ಇದನ್ನೇ ಬರೆದರು. ಒಂದು ಗುಂಪಿನ ಬಗ್ಗೆ ಚಿಕ್ಕಂದಿನಿಂದ ಕೇಳಿದ ಸಿದ್ಧ ಚಿತ್ರ, ಅದನ್ನು ನಂಬದವರ ತಲೆಗೂ ತಾನಾಗೇ ಬರುತ್ತದೆ. ಅದನ್ನು ಪಕ್ಕಕ್ಕಿಡಲು ಎಚ್ಚರ ಬೇಕು, ಸಮಯವೂ ಬೇಕು.

ಹಾಗಂತ ಅದು ತಲೆಗೇ ಬರಬಾರದು ಅಂತ ಹಟ ಹಿಡಿದರೆ ಇನ್ನೊಂದು ಪಜೀತಿ. ಮನಶ್ಶಾಸ್ತ್ರಜ್ಞ ನೀಲ್ ಮ್ಯಾಕ್ರೇ ಮತ್ತು ಸಂಗಡಿಗರ 1994ರ ಪ್ರಯೋಗ ನಮ್ಮಂಥ ಬರೆಯುವವರಿಗೇ ಮಾಡಿದ ಹಾಗಿದೆ. ತಲೆ ಬೋಳಿಸಿದ 'ಸ್ಕಿನ್‌ಹೆಡ್' ಒಬ್ಬನ (ಜಗಳಗಂಟರು ಅಂತ ಜನ ಅಂದುಕೊಂಡಿರುವ ಹುಡುಗರ ಗುಂಪಿನವನು) ಫೋಟೋ ಕೊಟ್ಟು, ಅವನ ಒಂದು ದಿನದ ಬಗ್ಗೆ ಬರೆಯಿರಿ ಅಂದರು. ಅರ್ಧ ಜನಕ್ಕೆ ಮಾತ್ರ, ಊರವರು ಅಂದುಕೊಂಡ ಹಾಗೆ ಬರೆಯಬೇಡಿ ಅಂತ ಷರತ್ತು. ಅವರು ಪಾಲಿಸಿದರು. ಆಮೇಲೆ ಇನ್ನೊಬ್ಬ ಸ್ಕಿನ್‌ಹೆಡ್ ಫೋಟೋ ಕೊಟ್ಟರು, ಷರತ್ತಿಲ್ಲದೆ. ಮೊದಲು ತಡೆದುಕೊಂಡಿದ್ದವರೇ ಈಗ ಉಳಿದವರಿಗಿಂತ ಜಾಸ್ತಿ ಸವಕಲು ಮಾತು ಬರೆದರು!

ಅದಕ್ಕೇ ನಾನು ಮೊದಲ ಕರಡನ್ನು ತಡೆಯಲು ಹೋಗುವುದಿಲ್ಲ. ಬರುವುದೆಲ್ಲ ಬರಲಿ. ಎರಡು ದಿನ ಬಿಟ್ಟು ಪೆನ್ಸಿಲ್ ಹಿಡಿದು ಬರೀ ಕ್ರಿಯಾಪದದ ಬಾಲ ನೋಡುತ್ತೇನೆ. ಸುಮ್ನೆ ಎಲ್ಲರಿಗೂ 'ರು' ಹಚ್ಚು ಅನ್ನುತ್ತಿಲ್ಲ. ಕಥೆ ಹೇಳುವವನೇ ದರ್ಪದವನಾದರೆ 'ಬಂದ' ಅಂತಲೇ ಇರಲಿ. ಆದರೆ ಅದನ್ನು ನೀನು ಆರಿಸಿರಬೇಕು.

ಈಗ ನಿನ್ನ ವಾಚ್‌ಮನ್ ವಿಷಯ. ಬೀಡಿ, ಟಾರ್ಚು, ಮಫ್ಲರ್, ಇಷ್ಟು ಯಾರು ಬೇಕಾದರೂ ಬರೆಯುತ್ತಾರೆ. ರಾತ್ರಿ ಎರಡು ಗಂಟೆಗೆ ಆತ ಡಬ್ಬಿ ಬಿಚ್ಚಿದಾಗ ಒಳಗೇನಿತ್ತು? ಗೊತ್ತಿಲ್ಲದಿದ್ದರೆ ಒಂದು ರಾತ್ರಿ ಅಂಥವರ ಜೊತೆ ಕೂತು ಬಾ. ಬರೆದು ಕಳಿಸು. ಹಾಂ, ಆ ಗುಡಿಸುವ ಹೆಂಗಸಿಗೆ ಒಂದು ಹೆಸರೂ ಇಡು.

ನಿನ್ನ,
ಅಣ್ಣ