ಬೆಳಗಿನ ಜಾವದವರೆಗೆ ಕೂತು ಬರೆಯುವವರಿಗೆ ಒಂದಿಷ್ಟು ಜಾಗ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಬೇಸಿಗೆಯಲ್ಲಿ ಗುಬ್ಬಿ ತಾಲ್ಲೂಕಿನ ನಮ್ಮ ಹೋಬಳಿಯ ಒಂದು ಹಳ್ಳಿಯಲ್ಲಿ ಜಾತ್ರೆಯ ಪ್ರಯುಕ್ತ ಕುರುಕ್ಷೇತ್ರ ನಾಟಕ ನಡೆಯಿತು. ಎರಡು ದಿನ ಕಳೆದು ಒಂದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅದರ ಸುದ್ದಿ ಬಂತು. ಒಂದು ಚಿತ್ರ, ಅದರ ಕೆಳಗೆ ಹನ್ನೊಂದು ಸಾಲು. ಆ ಹನ್ನೊಂದು ಸಾಲಿನೊಳಗೆ ಒಂಬತ್ತು ಮಂದಿಯ ಹೆಸರಿತ್ತು: ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಮುಖ್ಯ ಅತಿಥಿಗಳು, ಉಪಸ್ಥಿತರಿದ್ದ ಗಣ್ಯರು. ಅವರಲ್ಲಿ ಒಬ್ಬರೂ ಬಣ್ಣ ಹಚ್ಚಿದವರಲ್ಲ. ಮೂರೂವರೆ ತಿಂಗಳು ಹಾರ್ಮೋನಿಯಂ ಮುಂದೆ ಕೂತು ಆ ಹುಡುಗರ ಬಾಯಿಂದ ಕಂದಪದ್ಯ ಹೊರಡಿಸಿದ ಮೇಷ್ಟ್ರ ಹೆಸರೂ ಅಲ್ಲಿರಲಿಲ್ಲ. ಯಾವ ಪತ್ರಿಕೆ ಎಂದು ಹೇಳಿ ಯಾರನ್ನೋ ದೂರುವ ಉದ್ದೇಶ ನನ್ನದಲ್ಲ. ಹನ್ನೆರಡು ವರ್ಷಗಳಿಂದ ಸಂಭಾವನೆ ಬಯಸದೆ ನಮ್ಮ ಸೀಮೆಯ ನಾಟಕ, ಕುಣಿತ, ಜಾತ್ರೆ, ಭಜನೆಗಳ ಬಗ್ಗೆ ಬರೆಯುತ್ತ ಬಂದಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕಿಯಾಗಿ, ಈ ಕೊರತೆಯನ್ನು ನೀಗುವ ಒಂದು ದಾರಿಯನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ತಪ್ಪು ಹೋಬಳಿಯ ಸುದ್ದಿಗಾರರದ್ದು ಎಂದು ನಾನು ಹೇಳಲಾರೆ. ನಮ್ಮ ಕಡೆಯ ಪೌರಾಣಿಕ ನಾಟಕ ಆರಂಭವಾಗುವುದೇ ರಾತ್ರಿ ಹತ್ತರ ಮೇಲೆ, ಮುಗಿಯುವುದು ಕೋಳಿ ಕೂಗಿದ ಮೇಲೆ. ಜಿಲ್ಲಾ ಪುಟದ ಕೆಲಸ ಅಷ್ಟರಲ್ಲಿ ಮುಗಿದಿರುತ್ತದೆ. ಸುದ್ದಿಗಾರರಿಗೆ ಮರುದಿನ ಕೆರೆ ಹೂಳಿನ ಗಲಾಟೆ, ಕೊಬ್ಬರಿ ಬೆಲೆಯ ಹರಾಜು, ತಾಲ್ಲೂಕು ಕಚೇರಿಯ ಧರಣಿ ಕಾದಿರುತ್ತವೆ. ಹೀಗಾಗಿ ದೀಪ ಬೆಳಗಿಸುವ ಹೊತ್ತಿಗೆ ಬಂದು, ಒಂದು ಚಿತ್ರ ತೆಗೆದು, ಆಹ್ವಾನ ಪತ್ರಿಕೆಯಲ್ಲಿರುವ ಹೆಸರುಗಳನ್ನು ಬರೆದುಕೊಂಡು ಹೊರಡುವುದು ಅವರಿಗೆ ಅನಿವಾರ್ಯ. ನಾಟಕವೆಂಬುದು ಅವರು ಹೊರಟ ಮೇಲೆ ಶುರುವಾಗುತ್ತದೆ. ಹಾಗಾದರೆ ಅದನ್ನು ಕೊನೆಯವರೆಗೆ ಕೂತು ನೋಡಿ ಬರೆಯುವವರು ಯಾರು? ಅದೇ ಊರಿನಲ್ಲೋ ಪಕ್ಕದೂರಿನಲ್ಲೋ ಇರುವ, ಹೇಗೂ ರಾತ್ರಿಯಿಡೀ ಚಾಪೆ ಹಾಸಿಕೊಂಡು ಕೂರುವ, ನಾಲ್ಕು ಸಾಲು ತಪ್ಪಿಲ್ಲದೆ ಕನ್ನಡ ಬರೆಯಬಲ್ಲ ನಮ್ಮಂಥವರು.

ಬರೆಯಲು ಅಲ್ಲಿ ಎಷ್ಟೊಂದು ಇದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಹಳ್ಳಿಯಲ್ಲಿ ಕುರುಕ್ಷೇತ್ರ ಆಡಬೇಕೆಂದು ತೀರ್ಮಾನವಾದ ದಿನವೇ ಪಾತ್ರಗಳ ಹಂಚಿಕೆ ಆಗುತ್ತದೆ, ಮತ್ತು ಪ್ರತಿಯೊಂದು ಪಾತ್ರಕ್ಕೂ ಪಾತ್ರಧಾರಿಯೇ ಹಣ ಕೊಡಬೇಕು. ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಆ ಹಣದಿಂದ ಮೇಷ್ಟ್ರ ಸಂಭಾವನೆ, ಸೀನರಿಯವರ ಬಾಡಿಗೆ, ಸ್ತ್ರೀ ಪಾತ್ರಗಳಿಗೆ ಬರುವ ಕಲಾವಿದೆಯರ ಗೌರವಧನ, ಮೈಕು, ಕರಪತ್ರ ಎಲ್ಲವೂ ಆಗಬೇಕು. ನಾನು ನೋಡಿದ ನಾಟಕದಲ್ಲಿ ಕರ್ಣನ ಪಾತ್ರ ಮಾಡಿದವರು ಬಸ್ ನಿರ್ವಾಹಕರು. ಡ್ಯೂಟಿ ಮುಗಿಸಿ ರಾತ್ರಿ ಎಂಟೂವರೆಗೆ ಊರು ಸೇರಿ, ಊಟ ಮಾಡಿ, ದೇವಸ್ಥಾನದ ಪಡಸಾಲೆಯ ತಾಲೀಮಿಗೆ ಬರುತ್ತಿದ್ದರು. ಶಕುನಿ ಮಾಡಿದವರಿಗೆ ಓದು ಬರಹ ಬಾರದು. ಅವರ ಮಗಳು ಹತ್ತನೆಯ ತರಗತಿಯ ಹುಡುಗಿ ಮಾತುಗಳನ್ನು ಓದಿ ಹೇಳುತ್ತಿದ್ದಳು, ಅವರು ತೋಟಕ್ಕೆ ನೀರು ಕಟ್ಟುತ್ತ ಬಾಯಿಪಾಠ ಮಾಡುತ್ತಿದ್ದರು. ನಾಟಕದ ರಾತ್ರಿ ಶಕುನಿಯ ಒಂದು ಮಾತೂ ತಪ್ಪಲಿಲ್ಲ. ರಂಗದ ಕೆಳಗೆ ಆ ಹುಡುಗಿ ತುಟಿ ಅಲ್ಲಾಡಿಸುತ್ತ ಕೂತಿದ್ದುದನ್ನು ನಾನು ಕಂಡೆ. ಇದನ್ನು ಬರೆಯದೆ ಬೇರೇನನ್ನು ಬರೆಯಬೇಕು?

ಸ್ತ್ರೀ ಪಾತ್ರ ಮಾಡುವ ಕಲಾವಿದೆಯರ ಮಾತಂತೂ ಇನ್ನೂ ಹೆಚ್ಚು ಮುಖ್ಯ. ನಾಟಕದ ದಿನ ಮಧ್ಯಾಹ್ನ ಬಸ್ಸಿನಲ್ಲಿ ಬಂದು ಇಳಿಯುತ್ತಾರೆ. ಎಂದೂ ಜೊತೆಯಲ್ಲಿ ತಾಲೀಮು ಮಾಡದ ಹಳ್ಳಿಯ ದುರ್ಯೋಧನ ಎಲ್ಲಿ ಶ್ರುತಿ ಬಿಡುತ್ತಾನೆ, ಎಲ್ಲಿ ಮಾತು ಮರೆಯುತ್ತಾನೆ ಎಂಬುದನ್ನು ರಂಗದ ಮೇಲೆಯೇ ಗ್ರಹಿಸಿ, ಪ್ರೇಕ್ಷಕರಿಗೆ ಗೊತ್ತಾಗದ ಹಾಗೆ ಅದನ್ನು ಮುಚ್ಚಿ, ದೃಶ್ಯವನ್ನು ಮುಂದಕ್ಕೆ ಒಯ್ಯುತ್ತಾರೆ. ಬೆಳಿಗ್ಗೆ ಬಣ್ಣ ತೊಳೆದು ಮತ್ತೆ ಬಸ್ ಹಿಡಿದು ಮುಂದಿನ ಊರಿಗೆ ಹೋಗುತ್ತಾರೆ. ದ್ರೌಪದಿ ಪಾತ್ರ ಮಾಡಿದ ಒಬ್ಬ ಹಿರಿಯ ಕಲಾವಿದೆಯ ಜೊತೆ ಬೆಳಗಿನ ಬಸ್ಸಿಗಾಗಿ ಕಾಯುತ್ತ ಮುಕ್ಕಾಲು ಗಂಟೆ ಮಾತನಾಡಿದ್ದೆ. ಇಷ್ಟು ವರ್ಷದಲ್ಲಿ ನನ್ನ ಅಭಿನಯ ಹೇಗಿತ್ತು ಎಂದು ಯಾರಾದರೂ ಬರೆದದ್ದನ್ನು ನಾನು ಓದಿಲ್ಲ ಅಮ್ಮ ಎಂದರು. ಅವರ ಕಣ್ಣಿನ ಕಾಡಿಗೆ ಇನ್ನೂ ಪೂರ್ತಿ ಹೋಗಿರಲಿಲ್ಲ.

ಇಂಥ ಬರಹದಿಂದ ಸಂತೋಷದ ಆಚೆಗೂ ಒಂದು ಪ್ರಯೋಜನವಿದೆ, ಅದು ನನಗೆ ತಡವಾಗಿ ಅರಿವಾಯಿತು. ಮೂರು ವರ್ಷಗಳ ಹಿಂದೆ ಸೋಮನ ಕುಣಿತದ ವೃದ್ಧ ಕಲಾವಿದರೊಬ್ಬರು ಮೊಮ್ಮಗನ ಬೈಕಿನಲ್ಲಿ ನಮ್ಮ ಮನೆಗೆ ಬಂದರು. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಸರ್ಕಾರ ಕೊಡುವ ಮಾಸಾಶನಕ್ಕೆ ಅರ್ಜಿ ಹಾಕಲು ಅವರು ಹೊರಟಿದ್ದರು. ಅರ್ಜಿಯ ಜೊತೆಗೆ ಕಲಾಸೇವೆಯ ದಾಖಲೆ ಬೇಕು ಎಂದು ಯಾರೋ ಹೇಳಿದ್ದರಂತೆ. ನಲವತ್ತು ವರ್ಷ ಗ್ರಾಮದೇವತೆಯ ಮುಂದೆ ಕುಣಿದ ಆ ಹಿರಿಯರ ಬಳಿ ಮುಖವಾಡದ ಭಾರಕ್ಕೆ ಬಾಗಿದ ಕುತ್ತಿಗೆ ಇತ್ತು, ಕಾಗದ ಒಂದೂ ಇರಲಿಲ್ಲ. ಜಾತ್ರೆಯ ಕರಪತ್ರಗಳಲ್ಲಿ ‘ಸೋಮನ ಕುಣಿತ ಇರುತ್ತದೆ’ ಎಂದಷ್ಟೇ ಅಚ್ಚಾಗಿತ್ತು, ಕುಣಿಯುವವರ ಹೆಸರಿಲ್ಲ. ಹಳೆಯ ಸುದ್ದಿಯ ತುಣುಕುಗಳಲ್ಲೂ ಹೆಸರಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಸಣ್ಣ ವಾರಪತ್ರಿಕೆಗೆ ನಾನು ಬರೆದಿದ್ದ ಅರ್ಧ ಕಾಲಂ ಲೇಖನ. ಅದರಲ್ಲಿ ಅವರ ಹೆಸರು, ಊರು, ಯಾರಿಂದ ಕಲಿತರು ಎಂಬುದು ಇತ್ತು. ಅದರ ನೆರಳಚ್ಚು ಪ್ರತಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮಡಿಸಿದರೆ ಅಕ್ಷರ ಹೋಗುತ್ತದೇನೋ ಎಂದು ಹಾಗೆಯೇ ಹಿಡಿದುಕೊಂಡು ಬೈಕಿನ ಮೇಲೆ ಕೂತು ಹೋದರು. ಕಲಾವಿದರ ಹೆಸರನ್ನು ಸರಿಯಾಗಿ ಬರೆಯುವುದು ಎಂಥ ಹೊಣೆ ಎಂಬುದು ನನಗೆ ಆ ದಿನ ತಿಳಿಯಿತು. ಅಂದಿನಿಂದ ಪ್ರತಿಯೊಬ್ಬರ ಹೆಸರನ್ನು ಎರಡು ಸಲ ಕೇಳಿ, ಬರೆದದ್ದನ್ನು ಅವರ ಮುಂದೆಯೇ ಓದಿ ಹೇಳಿ, ಆಮೇಲೆ ಪುಸ್ತಕ ಮುಚ್ಚುತ್ತೇನೆ.

ನಮ್ಮ ಜಿಲ್ಲೆ ಈ ಕೆಲಸಕ್ಕೆ ಅಪಾತ್ರವಾದದ್ದೇನಲ್ಲ. 1884ರಲ್ಲಿ ಗುಬ್ಬಿಯಂಥ ಸಣ್ಣ ಊರಿನಲ್ಲಿ ಹುಟ್ಟಿದ ನಾಟಕ ಕಂಪನಿಯು ನಾಡಿನಾಚೆಗೂ ಹೆಸರಾಯಿತು. ಬಾಲನಟರಾಗಿ ಅದನ್ನು ಸೇರಿದ ಗುಬ್ಬಿ ವೀರಣ್ಣನವರು ಮುಂದೆ ಅದರ ಒಡೆಯರಾಗಿ, ಕುರುಕ್ಷೇತ್ರದ ರಂಗದ ಮೇಲೆ ನಿಜವಾದ ಆನೆಯನ್ನೇ ತಂದು ನಿಲ್ಲಿಸಿದರು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತುಮಕೂರಿನ ಕಲಾಕ್ಷೇತ್ರಕ್ಕೆ ಇಂದು ಅವರದೇ ಹೆಸರು. ಇಂದಿಗೂ ನಮ್ಮ ಹಳ್ಳಿಗಳು ಸಾಲ ಮಾಡಿಯಾದರೂ ಕುರುಕ್ಷೇತ್ರ ಆಡುವುದರ ಹಿಂದೆ ಆ ಕಂಪನಿಯ ನೆನಪಿದೆ ಎಂದು ನಾನು ನಂಬಿದ್ದೇನೆ. ಇನ್ನು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ಪತ್ರಿಕೆ ನಡೆಸಿದವರು, ರಾಜಕಾರಣದ ಬಗ್ಗೆ ಗಂಭೀರವಾಗಿ ಬರೆದವರು. ಅವರೇ ತಾವು ಕಂಡು ಕೇಳಿದ ಸಂಗೀತಗಾರರನ್ನು ಅಷ್ಟೇ ಶ್ರದ್ಧೆಯಿಂದ ನೆನಪಿನ ಚಿತ್ರಗಳಲ್ಲಿ ಬರೆದಿಟ್ಟರು. ಪತ್ರಕರ್ತರ ಲೇಖನಿಗೆ ಅದು ಸಲ್ಲದ ಕೆಲಸವೆಂದು ಅವರು ಭಾವಿಸಲಿಲ್ಲ.

ಕರಾವಳಿಯ ಯಕ್ಷಗಾನಕ್ಕೆ ಪತ್ರಿಕೆಗಳಲ್ಲಿ ಪ್ರದರ್ಶನದ ವಿಮರ್ಶೆ ಬರೆಯುವ ಒಂದು ಪರಂಪರೆಯೇ ಇದೆ. ಯಾವ ಭಾಗವತರ ಯಾವ ಪದ್ಯ ಹೇಗಿತ್ತು ಎಂದು ಅಲ್ಲಿನ ಓದುಗರು ಚರ್ಚಿಸುತ್ತಾರೆ. ಬಯಲುಸೀಮೆಯ ಯಕ್ಷಗಾನವಾದ ನಮ್ಮ ಮೂಡಲಪಾಯಕ್ಕೆ ಆ ಭಾಗ್ಯ ಒದಗಲಿಲ್ಲ. ಜೀ.ಶಂ. ಪರಮಶಿವಯ್ಯ ಅವರಂಥ ಜಾನಪದ ವಿದ್ವಾಂಸರು ಹಳ್ಳಿ ಹಳ್ಳಿ ಸುತ್ತಿ ಅದನ್ನು ವಿದ್ವತ್ತಿನ ಲೋಕಕ್ಕೆ ಪರಿಚಯಿಸಿದರು ನಿಜ, ಆದರೆ ಹೋದ ವಾರ ನಡೆದ ಆಟದಲ್ಲಿ ಮುಖವೀಣೆ ನುಡಿಸಿದವರು ಯಾರು, ಅವರ ನಂತರ ಅದನ್ನು ಕಲಿಯುತ್ತಿರುವ ಹುಡುಗರಿದ್ದಾರೆಯೇ ಎಂಬುದನ್ನು ಬರೆಯಬೇಕಾದದ್ದು ಪತ್ರಿಕೆ. ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಉದ್ದನೆಯ ಬಿದಿರಿನ ಗಣೆ ಊದುತ್ತ ತಮ್ಮ ಕುಲದ ವೀರ ಜುಂಜಪ್ಪನ ಕಥೆ ಹಾಡುವವರ ವಿಷಯವೂ ಹಾಗೆಯೇ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ವಾದಕ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಅವರ ಬಗ್ಗೆ ಬರೆದರು, ಓದಿ ನಾನೂ ಹೆಮ್ಮೆಪಟ್ಟೆ. ಪ್ರಶಸ್ತಿ ಬರುವ ಮೊದಲೂ ಆ ತಮಟೆ ಅಷ್ಟೇ ಚೆನ್ನಾಗಿ ನುಡಿಯುತ್ತಿತ್ತಲ್ಲವೇ?

ಹೊರಗಿನಿಂದ ಒಂದು ದಿನಕ್ಕೆ ಬರುವವರಿಗಿಂತ ಊರಿನವರು ಹೆಚ್ಚು ಸರಿಯಾಗಿ ಬರೆಯುತ್ತಾರೆ ಎಂದು ಸುಮ್ಮನೆ ನಂಬಿಕೊಳ್ಳುವುದೂ ತಪ್ಪು. ನಾನೇ ಮೊದಮೊದಲು ಒಂದು ಲೇಖನದಲ್ಲಿ ಸೋಮನ ಮುಂದೆ ಬಾರಿಸುವ ಅರೆ ಎಂಬ ವಾದ್ಯವನ್ನು ತಮಟೆ ಎಂದು ಬರೆದುಬಿಟ್ಟಿದ್ದೆ. ವಾದ್ಯದವರು ಮುಂದಿನ ಜಾತ್ರೆಯಲ್ಲಿ ನನ್ನನ್ನು ಕರೆದು, ಎರಡೂ ವಾದ್ಯಗಳನ್ನು ಮುಂದಿಟ್ಟು, ಬಾರಿಸಿ ತೋರಿಸಿ ತಿದ್ದಿದರು. ಆದ್ದರಿಂದ ಹವ್ಯಾಸಿ ಬರಹಗಾರರಿಗೆ ಜಾಗ ಕೊಡುವುದರ ಜೊತೆಗೆ ತಿದ್ದುವ ಕೈಯೂ ಬೇಕು. ಇಲ್ಲಿಯೇ ತಮ್ಮಂಥ ಪತ್ರಿಕೆಯ ನೆರವನ್ನು ನಾನು ಕೋರುವುದು.

ನನ್ನ ಕೋರಿಕೆ ಇಷ್ಟು. ವಾರಕ್ಕೊಮ್ಮೆ ಜಿಲ್ಲಾ ಆವೃತ್ತಿಯ ಅರ್ಧ ಪುಟವನ್ನು ತಾಲ್ಲೂಕುಗಳ ಕಲೆ ಮತ್ತು ಊರ ಬದುಕಿಗೆ ಮೀಸಲಿಡಬೇಕು. ಅದು ಮರುದಿನದ ಸುದ್ದಿಯಾಗಬೇಕಿಲ್ಲ, ಹೀಗಾಗಿ ರಾತ್ರಿ ಪುಟ ಮುಗಿಸುವ ಅವಸರವೂ ಇರುವುದಿಲ್ಲ. ಪ್ರತಿ ತಾಲ್ಲೂಕಿನಿಂದ ಬರೆಯಲು ಆಸಕ್ತಿ ಇರುವ ಇಬ್ಬರು ಮೂವರನ್ನು ಆಹ್ವಾನಿಸಿ, ವರ್ಷದಲ್ಲಿ ಒಂದೆರಡು ದಿನ ತಮ್ಮ ಕಚೇರಿಯಲ್ಲಿ ಕೂರಿಸಿ, ಸುದ್ದಿ ಬರೆಯುವ ಕ್ರಮ, ಹೆಸರುಗಳನ್ನು ಖಚಿತಪಡಿಸಿಕೊಳ್ಳುವ ಬಗೆ, ಒಪ್ಪಿಗೆ ಪಡೆದು ಚಿತ್ರ ತೆಗೆಯುವ ಸೌಜನ್ಯ ಇವುಗಳನ್ನು ಹೇಳಿಕೊಡಬೇಕು. ಬರೆಯುವವರೂ ಕೆಲವು ಕಟ್ಟುಪಾಡುಗಳಿಗೆ ಒಳಪಡಬೇಕು. ನಾಟಕದವರಿಂದ ಶಾಲು, ಹಾರ, ಹಣ ತೆಗೆದುಕೊಳ್ಳಬಾರದು. ಪಾತ್ರಧಾರಿ ಬರೆಯುವವರ ನೆಂಟರಾಗಿದ್ದರೆ ಅದನ್ನು ಮೊದಲೇ ಪತ್ರಿಕೆಗೆ ತಿಳಿಸಬೇಕು. ಊರಿನಲ್ಲಿ ಎರಡು ಬಣಗಳಿದ್ದರೆ ಒಂದರ ತುತ್ತೂರಿಯಾಗಬಾರದು. ಕೊನೆಯದು ಅತ್ಯಂತ ಕಷ್ಟದ್ದೆಂದು ಅನುಭವದಿಂದ ಹೇಳುತ್ತೇನೆ. ಜಾತ್ರೆಯಲ್ಲಿ ದಲಿತ ಕೇರಿಯ ವಾದ್ಯದವರನ್ನು ಊಟಕ್ಕೆ ಬೇರೆ ಕೂರಿಸಿದ್ದನ್ನು ಬರೆದಾಗ ಆರು ತಿಂಗಳು ನನ್ನೊಡನೆ ಮಾತು ಬಿಟ್ಟವರಿದ್ದರು. ಆದರೂ ಬರೆದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಏಕೆಂದರೆ ಕಲೆಯನ್ನು ಹೊಗಳಿ ಕಲಾವಿದರ ಅವಮಾನವನ್ನು ಬಿಟ್ಟುಬಿಡುವ ಬರಹವನ್ನು ನಾನು ಒಪ್ಪಲಾರೆ.

ಒಂದು ಆಕ್ಷೇಪಣೆಗೆ ಉತ್ತರ ಹೇಳಲೇಬೇಕು. ಸಂಭಾವನೆಯಿಲ್ಲದೆ ಬರೆಯುವವರು ಹೆಚ್ಚಿದರೆ ಬರಹವನ್ನೇ ನಂಬಿ ಬದುಕುವ ಸುದ್ದಿಗಾರರ ಅನ್ನಕ್ಕೆ ಕುತ್ತು ಬರುವುದಿಲ್ಲವೇ ಎಂದು ಒಬ್ಬ ಯುವ ಸುದ್ದಿಗಾರರು ನನ್ನನ್ನು ನೇರವಾಗಿ ಕೇಳಿದ್ದರು. ಅವರ ಪ್ರಶ್ನೆ ನ್ಯಾಯವಾದದ್ದು. ನನಗೆ ನಿವೃತ್ತಿ ವೇತನವಿದೆ, ಅವರಿಗೆ ಅಂಥ ಆಸರೆಯಿಲ್ಲ. ಅದಕ್ಕೇ ಹೇಳುತ್ತೇನೆ, ಈ ಅರ್ಧ ಪುಟ ಇಂದು ಯಾರೂ ಮಾಡದೆ ಉಳಿದಿರುವ ಕೆಲಸಕ್ಕೆ ಮಾತ್ರ ಇರಲಿ. ಯಾವ ಸುದ್ದಿಗಾರರ ಸ್ಥಾನವನ್ನೂ ಇದರ ನೆಪದಲ್ಲಿ ಕಡಿತ ಮಾಡಬಾರದು. ಬರೆಯುವವರು ವಿದ್ಯಾರ್ಥಿಯೋ ಕೂಲಿ ಮಾಡುವವರ ಮಗಳೋ ಆಗಿದ್ದರೆ ಕನಿಷ್ಠ ಬಸ್ ಚಾರ್ಜು, ಮೊಬೈಲ್ ಖರ್ಚನ್ನು ಪತ್ರಿಕೆ ಭರಿಸಬೇಕು. ಇಲ್ಲವಾದರೆ ಸ್ವಯಂಸೇವೆ ಎನ್ನುವುದು ಕೈಯಲ್ಲಿ ಕಾಸಿದ್ದವರ ಹವ್ಯಾಸವಾಗಿ ಉಳಿದು, ಕೇರಿಯ ಕಥೆಯನ್ನು ಕೇರಿಯವರೇ ಬರೆಯುವ ದಿನ ಬರುವುದೇ ಇಲ್ಲ. ಬರಹದ ಕೆಳಗೆ ಬರೆದವರ ಹೆಸರನ್ನು ತಪ್ಪದೆ ಹಾಕಬೇಕು ಎಂಬುದನ್ನೂ ಸೇರಿಸುತ್ತೇನೆ.

ಹೆಣ್ಣುಮಕ್ಕಳು ರಾತ್ರಿಯಿಡೀ ಹೊರಗೆ ಕೂತು ಬರೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ನಾನು ನನ್ನ ನಾದಿನಿಯೊಂದಿಗೆ ಹೋಗುತ್ತೇನೆ. ಇಬ್ಬರು ಜೊತೆಗೂಡಿ ಬರೆಯಲು ಅವಕಾಶವಿದ್ದರೆ ಕಾಲೇಜಿನ ಹುಡುಗಿಯರೂ ಬರುತ್ತಾರೆ. ಈಗಾಗಲೇ ನಮ್ಮ ಹೋಬಳಿಯ ಇಬ್ಬರು ಪದವಿ ವಿದ್ಯಾರ್ಥಿನಿಯರು ಸೋಬಾನೆ ಪದ ಹಾಡುವ ಅಜ್ಜಿಯರ ಬಳಿ ಕೂತು, ಪದಗಳನ್ನು ಹಾಡಿದವರ ಹೆಸರಿನ ಸಹಿತ ಬರೆದುಕೊಳ್ಳುತ್ತಿದ್ದಾರೆ. ಅವರ ಎರಡು ನೋಟ್‌ಬುಕ್ಕುಗಳು ತುಂಬಿವೆ.

ಈ ಬಾರಿ ಸುಗ್ಗಿ ಮುಗಿದೊಡನೆ ನಮ್ಮ ಪಕ್ಕದ ಊರಿನಲ್ಲಿ ಹೊಸ ನಾಟಕದ ತಾಲೀಮು ಆರಂಭವಾಗಲಿದೆ. ಮೇಷ್ಟ್ರು ಒಪ್ಪಿ ವೀಳ್ಯ ತೆಗೆದುಕೊಂಡಿದ್ದಾರೆ. ಮೊದಲ ದಿನದ ಪೂಜೆಯಿಂದ ಕೊನೆಯ ಮಂಗಳದವರೆಗೆ ಅಲ್ಲಿದ್ದು ಬರೆಯಲು ಆ ಇಬ್ಬರು ಹುಡುಗಿಯರೂ ನಾನೂ ಸಿದ್ಧರಿದ್ದೇವೆ. ತಾವು ಜಾಗ ಕೊಡುವುದಾದರೆ ಮೊದಲ ಬರಹ ಹಾರ್ಮೋನಿಯಂ ಮೇಷ್ಟ್ರ ಬಗ್ಗೆ ಇರುತ್ತದೆ. ಅವರ ಹೆಸರು, ಊರು, ಗುರುಗಳ ಹೆಸರುಗಳನ್ನು ಅವರ ಮುಂದೆಯೇ ಓದಿ ಖಚಿತಪಡಿಸಿಕೊಂಡು ಕಳುಹಿಸುತ್ತೇವೆ.

ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಬರಹಗಾರ್ತಿ
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ